ಕೌಂಟರ್ ಈಚೆಯಿಂದ: ಮೇಷ್ಟ್ರ ಕಾರು ಯಾಕೆ ತೂಗುತ್ತದೆ?

(ಕಾರು, ಗ್ಯಾರೇಜು, ಬಿಡಿಭಾಗಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ. ಉತ್ತರಿಸುವವರು ದಾವಣಗೆರೆಯಲ್ಲಿ 28 ವರ್ಷ ಸ್ಪೇರ್ ಪಾರ್ಟ್ಸ್ ಅಂಗಡಿ ನಡೆಸಿದವರು.)

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಮೇಷ್ಟ್ರು. ಯುಗಾದಿ ಹೊತ್ತಿಗೆ 2013ರ ಡೀಸೆಲ್ ಸ್ವಿಫ್ಟ್ ಡಿಸೈರ್ ಸೆಕೆಂಡ್ ಹ್ಯಾಂಡ್ ತಗೊಂಡೆ. 1,18,000 ಕಿ.ಮೀ. ಓಡಿದೆ. ಎಂಜಿನ್‌ಗೆ ಹೆಸರಿಡುವ ಹಾಗಿಲ್ಲ. ಆದರೆ ಗಾಡಿ ತೊಟ್ಟಿಲ ಥರ ತೂಗುತ್ತದೆ. ಹೈವೇಯಲ್ಲಿ ಸಣ್ಣ ತಗ್ಗು ಸಿಕ್ಕರೂ ಮೂರು ಸಲ ಮೇಲೆ ಕೆಳಗೆ ಆಡಿ ಆಮೇಲೆ ಸುಮ್ಮನಾಗುತ್ತದೆ. ಬ್ರೇಕ್ ಹಾಕಿದರೆ ಮೂತಿ ನೆಲ ಮೂಸುತ್ತದೆ. ಮನೆಮಂದಿಯೆಲ್ಲ ಕೂತು ಹೊರಟರೆ ಹಂಪ್ಸ್ ಮೇಲೆ ಹಿಂದುಗಡೆ ಢಣ್ ಅನ್ನುತ್ತದೆ. ದಾವಣಗೆರೆ ಮುಟ್ಟುವಷ್ಟರಲ್ಲಿ ಮಗಳಿಗೆ ವಾಂತಿ. ಒಬ್ಬ ಮೆಕ್ಯಾನಿಕ್ ಸ್ಪ್ರಿಂಗ್ ಸುರುಳಿ ನಡುವೆ ರಬ್ಬರ್ ಬಫರ್ ಹಾಕಿಸಿ ಅಂದರು. ಇನ್ನೊಬ್ಬರು ನಾಲ್ಕೂ ಶಾಕ್ ರೀಕಂಡೀಷನ್ ಮಾಡಿಸಿದರೆ ಅರ್ಧ ದುಡ್ಡಿಗೆ ಆಗುತ್ತೆ ಅಂದರು. ಗಾಡಿ ಕೊಡಿಸಿದ ಬ್ರೋಕರ್ "ಸಾಫ್ಟ್ ಇದ್ರೆ ಒಳ್ಳೇದಲ್ವಾ ಸಾರ್" ಅಂತ ನಕ್ಕ. ಯಾರ ಮಾತು ಕೇಳಲಿ?

ಉತ್ತರ: ಮೇಷ್ಟ್ರೇ, ಬ್ರೋಕರ್ ಮಾತು ಮೊದಲು ಮುಗಿಸಿಬಿಡೋಣ. ಮೆತ್ತಗಿರುವುದು ಬೇರೆ, ಹಿಡಿತ ತಪ್ಪಿರುವುದು ಬೇರೆ. ಚೆನ್ನಾಗಿರೋ ಗಾಡಿ ತಗ್ಗಿಗೆ ಮೆತ್ತಗೆ ಇಳಿದು, ಮೆತ್ತಗೆ ಎದ್ದು, ಅಲ್ಲಿಗೇ ನಿಲ್ಲುತ್ತದೆ. ನಿಮ್ಮದು ನಿಲ್ಲುತ್ತಿಲ್ಲ. ಅದಕ್ಕೆ ಕಂಫರ್ಟು ಅಂತ ಹೆಸರಿಟ್ಟರೆ ವಾಂತಿ ಮಾಡೋ ಮಗು ಒಪ್ಪೀತೇ?

ಉಳಿದಿಬ್ಬರು ಗಾಡಿ ಕೆಳಗೆ ಬಗ್ಗಿ ನೋಡಿದರು ಅಂತ ನೀವು ಬರೆದಿಲ್ಲ. ನೋಡಿಲ್ಲ ಅಂತಲೇ ನನ್ನ ಊಹೆ. ನಾನು ಸಾಮಾನು ಮಾರಿ ಬದುಕಿದವನು. ನೀವು ಬಂದು "ನಾಲ್ಕು ಶಾಕ್ ಕೊಡ್ರಿ" ಅಂದರೆ ನನಗೆ ವ್ಯಾಪಾರ. ಆದರೂ ಹೇಳುತ್ತೇನೆ: ಯಾವುದು ಸೋತಿದೆ ಅಂತ ಗೊತ್ತಾಗೋ ತನಕ ಏನೂ ಕೊಳ್ಳಬೇಡಿ. ಶಾಕ್ ಹಾಕಿಸಿದ ಮಾರನೇ ವಾರ "ಹಂಗೇ ಐತ್ರಿ" ಅಂತ ಮುಖ ಊದಿಸಿಕೊಂಡು ಬಂದವರನ್ನ ಕೌಂಟರ್ ಈಚೆ ನಿಂತು ಎಷ್ಟೋ ಮಂದಿಯನ್ನ ನೋಡಿದ್ದೇನೆ. ಅವರ ಗಾಡಿಯಲ್ಲಿ ಸೋತಿದ್ದದ್ದು ಸ್ಪ್ರಿಂಗ್.

ಭಾರ ಹೊರುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್, ನಮ್ಮ ಹುಡುಗರ ಬಾಯಲ್ಲಿ ಶಾಕಬ್ಸರ್, ಭಾರ ಹೊರೋದೇ ಇಲ್ಲ. ಬ್ಯಾಂಕಿನ ಗಾಜಿನ ಬಾಗಿಲ ತಲೆ ಮೇಲೆ ಒಂದು ಡಬ್ಬಿ ಇರುತ್ತಲ್ಲ, ಬಾಗಿಲು ಧಡ್ ಅಂತ ಬಡಿಯದೆ ನಿಧಾನ ಮುಚ್ಚೋ ಹಾಗೆ ಮಾಡೋದು? ಶಾಕ್‌ನ ಹೊಟ್ಟೆಯಲ್ಲಿರುವುದೂ ಅದೇ ಉಪಾಯ. ಒಳಗೆ ಎಣ್ಣೆ, ಎಣ್ಣೆಯಲ್ಲಿ ಓಡಾಡೋ ಪಿಸ್ಟನ್, ಪಿಸ್ಟನ್‌ನಲ್ಲಿ ಸಣ್ಣ ತೂತು. ಎಣ್ಣೆ ಆ ತೂತಲ್ಲಿ ತಿಣುಕಾಡಿಕೊಂಡು ದಾಟಬೇಕು, ಆ ತಿಣುಕಾಟದಲ್ಲಿ ಸ್ಪ್ರಿಂಗ್‌ನ ಕುಣಿತವೆಲ್ಲ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಮನೆಮಂದಿ ಕೂತಾಗ ಗಾಡಿ ಎಷ್ಟು ಕೆಳಗಿಳಿಯುತ್ತೆ ಅನ್ನೋದು ಸ್ಪ್ರಿಂಗ್‌ನ ಲೆಕ್ಕ. ಇಳಿದ ಮೇಲೆ ಎಷ್ಟು ಸಲ ಆಡುತ್ತೆ ಅನ್ನೋದು ಶಾಕ್‌ನ ಲೆಕ್ಕ. ನಿಮ್ಮ ಕಾಗದದಲ್ಲಿ ಎರಡರ ಲಕ್ಷಣವೂ ಇದೆ, ಅದಕ್ಕೇ ಎರಡನ್ನೂ ಬೇರೆ ಬೇರೆ ನೋಡಬೇಕು.

ಒಂದು ಭಾನುವಾರ ಬೆಳಿಗ್ಗೆ ಶಾಲೆ ಮೈದಾನದ ಮಟ್ಟಸ ಜಾಗದಲ್ಲಿ ಗಾಡಿ ನಿಲ್ಲಿಸಿ. ಮೊದಲು ಗಾಳಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ, ಅದರಲ್ಲಿರೋ ಅಂಕಿಯಷ್ಟು ಗಾಳಿ ಇದೆಯಾ ನೋಡಿ. ನಗಬೇಡಿ, ಗಾಳಿ ಇಳಿದ ಟಯರ್ ಕೂಡ ಗಾಡಿಯನ್ನ ಮೆದುವಾಗಿಸುತ್ತದೆ. ಆಮೇಲೆ ಮಕ್ಕಳ ಸ್ಕೇಲ್ ಬಿಟ್ಟು ಟೈಲರ್ ಟೇಪ್ ತಗೊಳ್ಳಿ. ಚಕ್ರದ ನಟ್ಟನಡುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಅಂಚಿನ ತನಕ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟಯರ್ ಸವೆದಿದ್ದರೆ ಲೆಕ್ಕ ತಪ್ಪುತ್ತದೆ. ನಾಲ್ಕೂ ಕಡೆ ಬರೆದಿಟ್ಟುಕೊಳ್ಳಿ. ಎಡಕ್ಕೂ ಬಲಕ್ಕೂ ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸ್ಪ್ರಿಂಗ್ ಮೇಲೆ ಅನುಮಾನಪಡಬೇಕು. ಎರಡೂ ಕಡೆ ಸಮನಾಗಿ ಕುಸಿದಿದ್ದರೆ ಟೇಪ್‌ಗೆ ಗೊತ್ತಾಗೋದಿಲ್ಲ. ಅದಕ್ಕೆ ನಿಮ್ಮ ಊರಲ್ಲೇ ಅದೇ ಮಾಡೆಲ್ಲಿನ, ಕಡಿಮೆ ಓಡಿದ ಗಾಡಿ ಯಾರ ಹತ್ತಿರವಾದರೂ ಇದ್ದರೆ ಪಕ್ಕದಲ್ಲಿ ನಿಲ್ಲಿಸಿ ಅಳೆಯಿರಿ. ಡೀಸೆಲ್ ಗಾಡಿಗೆ ಡೀಸೆಲ್ ಗಾಡಿಯೇ ಹೋಲಿಕೆ.

ಶಾಕ್‌ಗೆ ಎಲ್ಲರೂ ಮಾಡೋ ಪರೀಕ್ಷೆ ಅಂದರೆ ಮೂಲೆ ಒತ್ತಿ ಬಿಡೋದು. ಒತ್ತಿ ಬಿಟ್ಟಾಗ ಒಮ್ಮೆ ಎದ್ದು ನಿಂತರೆ ಸರಿ, ಎರಡು ಮೂರು ಸಲ ಕುಣಿದರೆ ಹೋಗಿದೆ. ಆದರೆ ಕುಣಿಯಲಿಲ್ಲ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತಲ್ಲ, ಕೈಯಲ್ಲಿ ಒತ್ತೋ ವೇಗಕ್ಕೂ 80ರಲ್ಲಿ ತಗ್ಗಿಗೆ ಬೀಳೋ ವೇಗಕ್ಕೂ ಅಜಗಜಾಂತರ. ನನಗೆ ನಂಬಿಕೆ ಇರೋದು ಇನ್ನೊಂದರ ಮೇಲೆ. ಹತ್ತು ಹದಿನೈದು ಕಿಲೋಮೀಟರ್ ಕೆಟ್ಟ ರಸ್ತೆಯಲ್ಲಿ ಓಡಿಸಿ, ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಮುಂದಿನ ಶಾಕ್‌ನ ಕೊಳವೆ ಮುಟ್ಟಿ ನೋಡಿ. ಹಿಂದಿನದಕ್ಕೆ ಚಕ್ರದ ಹಿಂಬದಿಯಿಂದ ಕೈ ಹೋಗುತ್ತದೆ. ಡಿಸ್ಕ್ ಮತ್ತು ಸೈಲೆನ್ಸರ್ ಕಡೆ ಹುಷಾರು, ಸುಟ್ಟುಕೊಂಡು ನನ್ನನ್ನ ಬೈಬೇಡಿ. ಕೆಲಸ ಮಾಡಿದ ಶಾಕ್ ಉಗುರುಬೆಚ್ಚಗೆ ಇರುತ್ತದೆ. ನಾಲ್ಕರಲ್ಲಿ ಯಾವುದು ತಣ್ಣಗಿದೆಯೋ ಅದು ಸಂಬಳ ತಗೊಂಡು ಸುಮ್ಮನೆ ಕೂತಿದೆ ಅಂತ ಅರ್ಥ.

ಎಣ್ಣೆ ನೋಡುವಾಗಲೂ ಒಂದು ವಿಷಯ. ಕೊಳವೆಯ ಮೇಲ್ಭಾಗದಲ್ಲಿ ತೆಳ್ಳಗೆ ಜಿಡ್ಡಾಗಿ ಧೂಳು ಮೆತ್ತಿಕೊಂಡಿದ್ದರೆ ಅದು ಬೆವರು, ಗಾಬರಿ ಬೇಡ. ಎಣ್ಣೆ ಕೆಳಗಿನ ತನಕ ಇಳಿದು ಒದ್ದೆ ಒದ್ದೆಯಾಗಿದ್ದರೆ ಎಣ್ಣೆ ತಡೆಯೋ ಸೀಲ್ ಹೋಗಿದೆ. ಟಯರ್ ಮೇಲೂ ಅಂಗೈ ಸವರಿ ನೋಡಿ. ಒಂದೇ ಸಮ ಸವೆಯದೆ ಅಲ್ಲಲ್ಲಿ ಗುಳಿ ಗುಳಿಯಾಗಿ ಕೈಗೆ ಸಿಕ್ಕರೆ ಆ ಚಕ್ರ ರಸ್ತೆ ಮೇಲೆ ಕುಣಿದುಕೊಂಡು ಹೋಗಿದೆ ಅಂತಲೇ.

ಈಗ ಆ ಢಣ್. ನನಗೆ ಅನ್ನಿಸೋದು ಅದು ಬಂಪ್ ಸ್ಟಾಪರ್. ಸಸ್ಪೆನ್ಷನ್ ಪೂರ್ತಿ ಒತ್ತಿಹೋದಾಗ ಕಬ್ಬಿಣ ಕಬ್ಬಿಣಕ್ಕೆ ಬಡಿಯದ ಹಾಗೆ ನಡುವೆ ಒಂದು ಹಳದಿ ಬಣ್ಣದ ಸ್ಪಾಂಜಿನಂಥ ತುಂಡು ಇರುತ್ತದೆ. ಹತ್ತು ವರ್ಷದ ಗಾಡಿಯಲ್ಲಿ ಅದು ಚಹಾದಲ್ಲಿ ನೆನೆದ ರಸ್ಕಿನ ಥರ ಆಗಿರುತ್ತೆ. ಹುಡುಗರು ಬಿಚ್ಚಿ ಕೌಂಟರ್ ಮೇಲೆ ಇಟ್ಟರೆ, ನಾನು ಹೆಬ್ಬೆಟ್ಟಲ್ಲಿ ಒತ್ತಿದರೆ ಪುಡಿ ಪುಡಿ. ಕೆಲವೇ ನೂರು ರೂಪಾಯಿ ಮಾಲು. ಎಷ್ಟೋ ಗ್ಯಾರೇಜಿನವರು ಎರಡು ಸಾವಿರದ ಶಾಕ್ ಹೊಸದು ಹಾಕಿ, ಈ ರಸ್ಕನ್ನೇ ಮತ್ತೆ ತುರುಕಿ ಕಳಿಸುತ್ತಾರೆ. ಅದಿಲ್ಲದೆ ಹೊಸ ಶಾಕ್ ಒಳಗೊಳಗೇ ಬಡಿಸಿಕೊಂಡು ಬೇಗ ಸಾಯುತ್ತೆ.

ಹಂಪ್ಸ್ ಬಗ್ಗೆಯೂ ಒಂದು ಮಾತು, ತಪ್ಪೆಲ್ಲ ಗಾಡಿಯದೇ ಅಲ್ಲ. ಪಿಡಬ್ಲ್ಯುಡಿಯಲ್ಲಿದ್ದ ಗಿರಾಕಿಯೊಬ್ಬರು ಒಮ್ಮೆ ಬಿಲ್ಲಿನ ಹಿಂಬದಿಗೆ ಚಿತ್ರ ಬರೆದು ತೋರಿಸಿದ್ದರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋ ಹಂಪು 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, 25 ಕಿ.ಮೀ. ವೇಗದಲ್ಲಿ ದಾಟೋ ಹಾಗಿರಬೇಕು. ನಮ್ಮ ಹಳ್ಳಿಗಳಲ್ಲಿ ಗುಡಿ ಮುಂದೆ, ಶಾಲೆ ಮುಂದೆ, ಗೌಡರ ಮನೆ ಮುಂದೆ ಇರೋವು ಹಂಪ್ಸ್ ಅಲ್ಲ, ಹೊಲದ ಬದು. ಜೊತೆಗೆ ದಾವಣಗೆರೆ ಕಡೆಯ ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ, ಮೇಲಿನ ಡಾಂಬರು ಅದರ ಜೊತೆ ಅಲೆ ಅಲೆಯಾಗುತ್ತೆ. ಗುಂಡಿ ಬಿದ್ದ ರಸ್ತೆ ಕೀಲುಗಳ ನಡುವಿನ ರಬ್ಬರ್ ಬುಷ್‌ಗಳನ್ನ ತಿನ್ನುತ್ತೆ, ಈ ಉದ್ದುದ್ದ ಅಲೆಯ ರಸ್ತೆ ಶಾಕ್‌ನ ಬಂಡವಾಳ ಬಯಲು ಮಾಡುತ್ತೆ. ನಿಮ್ಮ ಮಗಳಿಗೆ ಆಗ್ತಿರೋದು ಎರಡನೇದು.

ರಬ್ಬರ್ ಬಫರ್ ಬೇಡ. ಅದು ಸ್ಪ್ರಿಂಗ್‌ನ ಒಂದೆರಡು ಸುರುಳಿ ಆಡದ ಹಾಗೆ ಹಿಡಿದುಬಿಡುತ್ತದೆ. ಗಾಡಿ ಎತ್ತರವಾಗಿ, ಗಟ್ಟಿಯಾಗಿ ಕಾಣುತ್ತೆ, ಆದರೆ ಉಳಿದ ಸುರುಳಿಗಳ ಮೇಲೆ ಹೆಚ್ಚಿನ ದುಡಿಮೆ. ಮುಖ್ಯ ವಿಷಯ, ಸತ್ತಿರೋ ಶಾಕ್‌ಗೆ ಅದರಿಂದ ಜೀವ ಬರೋದಿಲ್ಲ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಅದನ್ನ ಹಿಡಿಯೋಕೆ ಶಾಕ್‌ಗೆ ಇನ್ನೂ ಹೆಚ್ಚು ಬಲ ಬೇಕು. ಕುಣಿಯೋ ಕರುವನ್ನ ಕಟ್ಟೋ ಬದಲು ಹಗ್ಗ ಬಿಚ್ಚಿ ಹೋರಿ ತಂದ ಹಾಗಾಯ್ತು.

ರೀಕಂಡೀಷನ್ ಅಂದರೆ ಕೊಳವೆಗೆ ತೂತು ಹಾಕಿ, ಹಳೇ ಎಣ್ಣೆ ಬಸಿದು, ಹೊಸ ಎಣ್ಣೆ ತುಂಬಿ, ತೂತಿಗೆ ವೆಲ್ಡಿಂಗ್ ಹೊಡೆದು, ಮೇಲೆ ಕರೀ ಪೇಂಟ್. ಸವೆದ ಪಿಸ್ಟನ್ನು ವಾಲ್ವು ಹಾಗೇ ಇರುತ್ತವೆ. ಗ್ಯಾಸ್ ತುಂಬಿದ ಶಾಕ್ ಆಗಿದ್ದರೆ ಆ ಗ್ಯಾಸೂ ತೂತು ಹಾಕಿದ ದಿನವೇ ಹೋಯ್ತು. ಮೊದಲ ತಿಂಗಳು ಗಾಡಿ ಜುಮ್ ಅಂತ ಇರುತ್ತೆ, ಅದನ್ನ ಅಲ್ಲಗಳೆಯೋದಿಲ್ಲ. ಬ್ರೋಕರ್‌ಗಳಿಗೆ ಬೇಕಾಗಿರೋದೂ ಆ ಒಂದು ತಿಂಗಳೇ. ನಿಮ್ಮ ಶಾಕ್‌ಗಳ ಹೊಟ್ಟೆ ಮೇಲೆ ಬಟಾಣಿ ಗಾತ್ರದ ವೆಲ್ಡಿಂಗ್ ಗುಬುಟು ಇದೆಯಾ ಒಮ್ಮೆ ಸವರಿ ನೋಡಿ.

ಪರೀಕ್ಷೆಯಲ್ಲಿ ಶಾಕ್ ಹೋಗಿದೆ ಅಂತ ಗೊತ್ತಾದರೆ ಹೊಸದೇ ಹಾಕಿಸಿ, ಅದೂ ಜೋಡಿಯಾಗಿ. ಮುಂದಿನದಾದರೆ ಮುಂದಿನವೆರಡೂ, ಹಿಂದಿನದಾದರೆ ಹಿಂದಿನವೆರಡೂ. ಒಂದು ಕಡೆ ಹೊಸದು, ಒಂದು ಕಡೆ ಹಳೇದು ಇದ್ದರೆ ತಿರುವಿನಲ್ಲಿ ಎಡಕ್ಕೊಂದು ಬುದ್ಧಿ, ಬಲಕ್ಕೊಂದು ಬುದ್ಧಿ. ಅಂಗಡಿಗೆ ಹೋದಾಗ ಆರ್‌ಸಿ ತೋರಿಸಿ ತಗೊಳ್ಳಿ. ನಿಮ್ಮ ಗಾಡಿಯ ಮುಂದಿನ ಶಾಕ್‌ಗಳಲ್ಲಿ ಎಡ ಬಲ ಬೇರೆ ಬೇರೆ. ಸ್ಪ್ರಿಂಗ್ ಬದಲಿಸೋದಾದರೆ ಡೀಸೆಲ್ಲಿನದೇ ಕೇಳಿ. ಡೀಸೆಲ್ ಎಂಜಿನ್ ತೂಕ ಜಾಸ್ತಿ, ಪೆಟ್ರೋಲ್ ಗಾಡಿಯ ಸ್ಪ್ರಿಂಗ್ ಹಾಕಿದರೆ ಮೂತಿ ತಗ್ಗುತ್ತದೆ. "ಎಲ್ಲಾ ಒಂದೇ ಸಾರ್" ಅಂದರೆ ಎದ್ದು ಬನ್ನಿ.

ಹೊಸ ಶಾಕ್ ಕಟ್ಟಿರೋ ಪಟ್ಟಿ ಬಿಚ್ಚಿ, ನೆಟ್ಟಗೆ ನಿಲ್ಲಿಸಿ, ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದು ನೋಡಿ ಆಮೇಲೆ ಗಾಡಿಗೆ ಹಾಕಬೇಕು. ಗೋದಾಮಿನಲ್ಲಿ ಅಡ್ಡ ಮಲಗಿರುತ್ತೆ, ಗಾಳಿ ಎಣ್ಣೆಯಲ್ಲಿ ಸೇರಿಕೊಂಡಿರುತ್ತೆ. ಮೊದಲ ಒತ್ತಿನಲ್ಲಿ ಪೊಳ್ಳು ಪೊಳ್ಳಾಗಿ ಸಿಕ್ಕಿದ್ದು ಐದನೇ ಸಲಕ್ಕೆ ಗಟ್ಟಿ ಬೆಣ್ಣೆಯಲ್ಲಿ ಕೈಯಾಡಿಸಿದ ಹಾಗೆ ಒಂದೇ ಸಮ ಬರಬೇಕು. ಐದಾದರೂ ನಡುವೆ ಪೊಳ್ಳು ಸಿಕ್ಕರೆ ಅಲ್ಲೇ ವಾಪಸ್ ಕೊಡಿ. ಗ್ಯಾಸ್ ಶಾಕ್ ಆದರೆ ಒತ್ತಿ ಬಿಟ್ಟ ಮೇಲೆ ರಾಡು ತಾನಾಗಿ ನಿಧಾನಕ್ಕೆ ಮೇಲೇಳುತ್ತದೆ.

ಹಾಕಿಸುವಾಗ ಪಕ್ಕದಲ್ಲಿ ನಿಂತಿರಿ. ಮುಂದಿನ ಚಕ್ರಕ್ಕಿರೋದು ಮ್ಯಾಕ್‌ಫರ್ಸನ್ ಸ್ಟ್ರಟ್, 1940ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಏರ್ಪಾಡು. ಅದರಲ್ಲಿ ಶಾಕ್ ಮೇಲೇ ಸ್ಪ್ರಿಂಗ್ ಕೂತಿರುತ್ತೆ, ಚಕ್ರವನ್ನ ನೆಟ್ಟಗೆ ಹಿಡಿಯೋ ಕೆಲಸವೂ ಅದರದೇ. ಬಿಚ್ಚಬೇಕಾದರೆ ಸ್ಪ್ರಿಂಗನ್ನ ಕಂಪ್ರೆಸರ್ ಅನ್ನೋ ಒತ್ತುವ ಸಾಧನ ಹಾಕಿ ಬಿಗಿದು ಒತ್ತಲೇಬೇಕು. ಹಗ್ಗ ಕಟ್ಟಿ, ಇಬ್ಬರು ಮೇಲೆ ಕೂತು ನಟ್ ಬಿಚ್ಚಿದ್ದನ್ನ ನಾನು ನೋಡಿದ್ದೇನೆ. ಆ ಶೆಡ್ಡಿನ ತಗಡಿನಲ್ಲಿ ಈಗಲೂ ಒಳಗಿನಿಂದ ಹೊರಕ್ಕೆ ಉಬ್ಬಿದ ಗುರುತಿದೆ. ಕೂತವರ ಪುಣ್ಯ ದೊಡ್ಡದು.

ಇನ್ನೊಂದು, ಮೇಲಿನ ನಟ್ ಬಿಗಿಯುವಾಗ ರಾಡು ಸುತ್ತುತ್ತೆ ಅಂತ ಹುಡುಗರು ಆ ಹೊಳೆಯೋ ರಾಡನ್ನೇ ಪ್ಲೈಯರ್‌ನಲ್ಲಿ ಕಚ್ಚಿ ಹಿಡಿಯುತ್ತಾರೆ. ಎರಡೇ ತಿಂಗಳಿಗೆ ಸೋರಿದ ಶಾಕ್ ಒಂದು ನನ್ನ ಕೌಂಟರ್‌ಗೆ ವಾಪಸ್ ಬಂತು, "ಡುಪ್ಲಿಕೇಟ್ ಮಾಲು ಕೊಟ್ರಿ" ಅಂತ ಜಗಳ. ರಾಡನ್ನ ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿ ತೋರಿಸಿದೆ. ಇಲಿ ಕಚ್ಚಿದ ಹಾಗೆ ಸಾಲಾಗಿ ನಾಲ್ಕು ಹಲ್ಲಿನ ಗುರುತು. ಆ ಗುರುತು ಮೇಲೆ ಕೆಳಗೆ ಓಡಾಡಿದ ಹಾಗೆಲ್ಲ ಎಣ್ಣೆ ಸೀಲನ್ನ ಅರದ ಹಾಗೆ ಉಜ್ಜಿದೆ. ಗಿರಾಕಿ ಸುಮ್ಮನಾದರು, ಹುಡುಗನೂ ಸುಮ್ಮನಾದ, ಶಾಕ್ ಮಾತ್ರ ಹೋಯ್ತು.

ಚಕ್ರವನ್ನ ಗಾಡಿಯ ತಳಕ್ಕೆ ಜೋಡಿಸೋ ಲೋಯರ್ ಆರ್ಮ್ ಅನ್ನೋ ತೋಳಿನ ಬುಷ್ ಬದಲಿಸಿದರೆ ಅದರ ಬೋಲ್ಟನ್ನ ಗಾಡಿ ಎತ್ತಿರುವಾಗ ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕೆ ಬಂದು ಭಾರ ಕೂತ ಮೇಲೆ ಕೊನೇ ಬಿಗಿ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಹತ್ತರಲ್ಲಿ ಎಂಟು ಮಂದಿ ಇದನ್ನ ಮಾಡೋದಿಲ್ಲ, ನೀವು ಹೇಳಿದರೆ "ನಮಗೆ ಹೇಳಿಕೊಡ್ತೀರಾ" ಅನ್ನೋ ಮುಖ ಮಾಡುತ್ತಾರೆ. ಮೇಷ್ಟ್ರಲ್ವಾ, ಹೇಳಿಕೊಡಿ. ಕಡೆಗೆ ವೀಲ್ ಅಲೈನ್‌ಮೆಂಟ್, ಅದನ್ನ ಮರೆತರೆ ಟಯರ್ ಮೇಲೆ ದಂಡ ಕಟ್ಟಬೇಕಾಗುತ್ತೆ.

ಖರ್ಚು: ನಾಲ್ಕೂ ಶಾಕ್, ಮುಂದಿನ ಮೌಂಟಿಂಗ್ (ಶಾಕ್‌ನ ಮೇಲ್ತುದಿಯನ್ನ ಬಾಡಿಗೆ ಕೂರಿಸೋ ರಬ್ಬರಿನ ಭಾಗ), ಬಂಪ್ ಸ್ಟಾಪರ್, ಡಸ್ಟ್ ಕವರ್, ಕೂಲಿ ಎಲ್ಲ ಸೇರಿ ಹತ್ತರಿಂದ ಹದಿನೈದು ಸಾವಿರ ಇಟ್ಟುಕೊಳ್ಳಿ. ಸ್ಪ್ರಿಂಗೂ ಬೇಕಾದರೆ ಅದು ಬೇರೆ. ಒಟ್ಟಿಗೆ ಕೈ ಕಚ್ಚುತ್ತೆ ಅಂದರೆ ಯಾವ ಕಡೆ ಹೆಚ್ಚು ಸೋತಿದೆಯೋ ಆ ಜೋಡಿ ಈ ತಿಂಗಳು, ಇನ್ನೊಂದು ಜೋಡಿ ಮುಂದಿನ ಸಂಬಳಕ್ಕೆ. ಹಾಕಿಸಿದ ಮೊದಲ ವಾರ ಗಾಡಿ ಒರಟಾಯ್ತು ಅನ್ನಿಸುತ್ತೆ. ಇಷ್ಟು ದಿನ ತೊಟ್ಟಿಲಲ್ಲಿ ಕೂತವರಿಗೆ ಮಣೆ ಕೊಟ್ಟ ಹಾಗೆ.

ಪ್ರಶ್ನೆ: ದಾವಣಗೆರೆ ವಿದ್ಯಾನಗರದಲ್ಲಿ ನಮ್ಮ ಮನೆ. ಒಂದು ಗ್ಯಾರೇಜಿನಲ್ಲಿ ಮುಂದಿನ ಎರಡೂ ಶಾಕ್ ಹೊಸದು ಹಾಕಿಸಿದೆ. ಗಾಡಿ ತೂಗೋದು ನಿಂತಿದೆ. ಆದರೆ ಹದಡಿ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಎಡಗಡೆ ಕಟಕಟ ಸದ್ದು ಹಾಗೇ ಇದೆ. ಕೇಳಿದರೆ "ಮೇಡಂ, ಹೊಸ ಸಾಮಾನು, ಸೆಟ್ ಆಗುತ್ತೆ" ಅನ್ನುತ್ತಾರೆ. ಮೂರು ತಿಂಗಳಾಯಿತು.

ಉತ್ತರ: ಅಕ್ಕಾ, ಸೆಟ್ ಆಗೋದಿದ್ದರೆ ಮೂರು ದಿನಕ್ಕೇ ಆಗಬೇಕಿತ್ತು. ಸದ್ದು ಶಾಕ್‌ದು ಆಗಿರಲೇ ಇಲ್ಲ. ನಿಧಾನದಲ್ಲಿ, ಸಣ್ಣ ಸಣ್ಣ ಗುಂಡಿಯಲ್ಲಿ ಕಟಕಟ ಅಂದರೆ ಮೊದಲ ಅನುಮಾನ ಲಿಂಕ್ ರಾಡ್. ಬೆರಳಿಗಿಂತ ಸ್ವಲ್ಪ ದಪ್ಪದ ಸರಳು, ಎರಡೂ ತುದಿಯಲ್ಲಿ ಗುಂಡು ಕೀಲು. ಆ ಕೀಲು ಸವೆದರೆ ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದ ಸದ್ದು. ಗಾಡಿ ನಿಂತಿರುವಾಗ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿದರೇ ಗೊತ್ತಾಗುತ್ತದೆ. ಅದು ಸರಿ ಇದ್ದರೆ, ಬಾನೆಟ್ ತೆಗೆದು ಶಾಕ್‌ನ ಮೇಲ್ತುದಿ ಇರೋ ಕಡೆ ಅಂಗೈ ಇಟ್ಟುಕೊಳ್ಳಿ, ಇನ್ನೊಬ್ಬರ ಕೈಲಿ ಸ್ಟೇರಿಂಗ್ ಆ ಕಡೆ ಈ ಕಡೆ ತಿರುಗಿಸಲು ಹೇಳಿ. ಕೈಗೆ ಟಕ್ ಅಂತ ಬಡಿದರೆ ಮೌಂಟಿಂಗ್. ಹಳೇ ಮೌಂಟಿಂಗನ್ನೇ ವಾಪಸ್ ಹಾಕಿದ್ದಾರಾ ಅಂತ ಬಿಲ್ಲು ನೋಡಿದರೆ ಗೊತ್ತಾಗುತ್ತೆ. ಬಿಲ್ಲಿನಲ್ಲಿ ಅದರ ಹೆಸರೇ ಇಲ್ಲದಿದ್ದರೆ ಬಿಲ್ಲು ಹಿಡಿದುಕೊಂಡೇ ಹೋಗಿ ಮಾತಾಡಿ.

ಪ್ರಶ್ನೆ: ಚಳ್ಳಕೆರೆಯಿಂದ ಬರೆಯುತ್ತಿದ್ದೇನೆ. ಹಳೇ ಪೆಟ್ರೋಲ್ ಕಾರಿಗೆ ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದ್ದೇನೆ. ಸೀಸನ್ನಿನಲ್ಲಿ ಹಿಂದಿನ ಸೀಟ್ ಮಡಚಿ ಶೇಂಗಾ ಚೀಲವೂ ಹಾಕುತ್ತೇನೆ. ಹಿಂಭಾಗ ಕುಸಿದು ಎದುರಿಗೆ ಬರುವವರೆಲ್ಲ ಡಿಮ್ ಮಾಡು ಅಂತ ಬೈಯುತ್ತಾರೆ. ಗಟ್ಟಿ ಶಾಕ್ ಯಾವುದು ಹಾಕಿಸಲಿ?

ಉತ್ತರ: ಮೇಲಿನ ಉತ್ತರ ಓದಿದ್ದರೆ ನಿಮಗೇ ಗೊತ್ತಾಗಿರುತ್ತೆ, ಕುಸಿತಕ್ಕೆ ಶಾಕ್ ಮದ್ದಲ್ಲ. ಉಕ್ಕಿನ ಸಿಲಿಂಡರ್ ಒಂದೇ ಐವತ್ತು ಅರವತ್ತು ಕೆ.ಜಿ. ತೂಗುತ್ತೆ. ಅಂದರೆ ಒಬ್ಬ ಆಸಾಮಿ ರಾತ್ರಿ ಹಗಲು ಡಿಕ್ಕಿಯಲ್ಲಿ ಕೂತೇ ಇದ್ದಾನೆ. ಕಂಪನಿಯಿಂದಲೇ ಸಿಎನ್‌ಜಿ ಬರೋ ಕಾರುಗಳಿಗೆ ಸಸ್ಪೆನ್ಷನ್ ಅದಕ್ಕೆ ತಕ್ಕ ಹಾಗೆ ಹೊಂದಿಸಿರುತ್ತಾರೆ. ನಿಮ್ಮ ಮಾಡೆಲ್ಲಿನಲ್ಲಿ ಕಂಪನಿ ಸಿಎನ್‌ಜಿ ಗಾಡಿ ಬಂದಿದ್ದರೆ ಅದರ ಹಿಂದಿನ ಸ್ಪ್ರಿಂಗ್ ನಿಮ್ಮದಕ್ಕೆ ಕೂರುತ್ತದಾ ಪಾರ್ಟ್ ನಂಬರ್ ಹಿಡಿದು ವಿಚಾರಿಸಿ. ಕಿಟ್ ಆರ್‌ಸಿಯಲ್ಲಿ ನಮೂದಾಗಿದೆಯಾ ಅದನ್ನೂ ನೋಡಿಕೊಳ್ಳಿ. ಹೆಡ್‌ಲೈಟ್ ಎತ್ತರ ತಗ್ಗಿಸೋ ಗುಬುಟು ಡ್ಯಾಶ್‌ಬೋರ್ಡಿನಲ್ಲಿದ್ದರೆ ಭಾರ ಇದ್ದಾಗ ಬಳಸಿ, ಎದುರಿನವರ ಬೈಗುಳ ಇವತ್ತೇ ನಿಲ್ಲುತ್ತೆ. ಶೇಂಗಾ ಚೀಲಕ್ಕೆ ಮಾತ್ರ ಲಗೇಜ್ ಆಟೋ ಮಾಡಿ. ಅದರ ಬಾಡಿಗೆ ಎರಡು ಸ್ಪ್ರಿಂಗಿನ ಬೆಲೆಗಿಂತ ಕಮ್ಮಿ.

ಪ್ರಶ್ನೆ: ನನ್ನದು ಹಳೇ ಕ್ವಾಲಿಸ್, ಜಗಳೂರು. ಹಿಂದಿನ ಕಮಾನು ಪಟ್ಟಿಗೆ (ಲೀಫ್ ಸ್ಪ್ರಿಂಗ್) ಇನ್ನೊಂದು ಪಟ್ಟಿ ಸೇರಿಸಿದರೆ ಗಟ್ಟಿ ಆಗುತ್ತಲ್ಲವೇ?

ಉತ್ತರ: ಗಟ್ಟಿ ಆಗುತ್ತೆ, ಖಾಲಿ ಗಾಡಿಯಲ್ಲಿ ನಿಮ್ಮ ತಲೆ ಮಾಳಿಗೆಗೂ ಬಡಿಯುತ್ತೆ. ಮೊದಲು ಪಟ್ಟಿ ಯಾವುದಾದರೂ ಮುರಿದಿದೆಯಾ ನೋಡಿಸಿ, ಕೆಸರು ಮೆತ್ತಿರುತ್ತೆ, ನೀರು ಹೊಡೆದು ತೊಳೆಯದೆ ಕಾಣೋದಿಲ್ಲ. ಪಟ್ಟಿಯ ತುದಿಯನ್ನ ಗಾಡಿಗೆ ತೂಗುಹಾಕೋ ಶ್ಯಾಕಲ್ ಕೊಂಡಿಯ ಬುಷ್ ಅಲ್ಲಾಡುತ್ತಿದ್ದರೆ ಅದನ್ನ ಬದಲಿಸಿ. ಪಟ್ಟಿ ಚಪ್ಪಟೆಯಾಗಿದ್ದರೆ ಲಾರಿ ಪಟ್ಟಿ ಕೆಲಸ ಮಾಡುವವರ ಹತ್ತಿರ ಬಿಚ್ಚಿಸಿ ಮತ್ತೆ ಕಮಾನು ಕೊಡಿಸಬಹುದು, ಎರಡೂ ಕಡೆ ಸಮ ಬರುವ ಹಾಗೆ ಅಳತೆ ಹಿಡಿಸಿ. ಪಟ್ಟಿಯನ್ನ ಆಕ್ಸಲ್ಲಿಗೆ ಬಿಗಿಯೋ ಯು ಬೋಲ್ಟ್ ಹೊಸದೇ ಹಾಕಿಸಿ. ಐನೂರು ಕಿಲೋಮೀಟರ್ ಓಡಿದ ಮೇಲೆ ಅದನ್ನ ಒಮ್ಮೆ ಮತ್ತೆ ಬಿಗಿಸಬೇಕು, ಮರೆಯಬೇಡಿ.